ಉಡಿ ತುಂಬಿದ ಮೇಲೆ

ಆಂಧ್ರ ಅಸೆಂಬ್ಲಿ ಎಲೆಕ್ಷನ್ನಿಗೆ ಮುಂಚಿನ ಭಾನುವಾರ ಬೆಳಿಗ್ಗೆ, ರಾಜಧಾನಿಯ ಕೋಠಿ ಪೇಟೆಯಲ್ಲಿ, ನೆರೆಮನೆಯ ಬಟ್ಟೆ ವ್ಯಾಪಾರಿಯ ಹೊಸ್ತಿಲ ಹೊರಗೆ ನಾನು ನಿಂತಿದ್ದೆ. ಧೋತರದ ಚುಂಗು ಜಾಡಿಸಿ ಅವರು ಯಾವಾಗಲೂ ಹೇಳುತ್ತಿದ್ದ ಮಾತು: “ಹೆಣ್ಮಗಳಿಗೆ ಮರ್ಯಾದಿ, ಗಂಡಸಿಗೆ ವೋಟು.”

ಅಂದು ವೋಟು ಕೇಳಲು ಬಂದ ಅಭ್ಯರ್ಥಿ ನಮ್ಮ ಕನ್ನಡದ ಕಡೆಯ ಹೆಣ್ಣುಮಗಳು. ಬರಿಗೈಲಿ ಕಳಿಸಬಾರದೆಂದು ಅವರು ಹೆಂಡತಿಯಿಂದ ಉಡಿ ತುಂಬಿಸಿದರು. ಉಡಿಗಿಡುವ ಕುಬಸದ ಬಟ್ಟೆಯ ಕಣ ತಾವೇ ಆರಿಸಿದರು. “ರಾಜಕೀಯ ನಿಮಗ್ಯಾಕವ್ವಾ? ಗಂಡಸರ ಕೆಲಸ ಅದು” ಎಂದರು.

ಆಕೆ ಬಾಗಿ ಅವರ ಕಾಲು ಮುಟ್ಟಿದರು. “ಉಡಿ ತುಂಬಿದ್ರಿ, ಇದು ನನ್ನ ತವರಾತು. ತಂಗಿ ಸೋತ್ರ ಅಣ್ಣನ ಮರ್ಯಾದಿ ಹೋಗಂಗಿಲ್ಲೇನ್ರಿ?”

ಚುಂಗು ಹಿಡಿದ ಕೈ ಜಾಡಿಸಲಿಲ್ಲ. “ಹೇಳ್ರಿ, ಅಣ್ಣಾರ!” ಎಂದು ಆಕೆಯ ಮಾತನ್ನೇ ಹಿಡಿದು ಚುಡಾಯಿಸಿದರು ಹೆಂಡತಿ.

ಇದನ್ನು ಕಂಡವರಲ್ಲಿ ನಾನಲ್ಲದೆ ಈಗ ಉಳಿದಿರುವವರು ಅವರ ಹೆಂಡತಿಯೊಬ್ಬರೇ. ಯಜಮಾನರ ವೋಟು ಯಾರಿಗೆ ಬಿತ್ತೆಂದು ಕೇಳಿದರೆ, “ಆ ತಂಗಿ ತವರಮನಿ ಗುಟ್ಟು ಹೊರಗ ಹೇಳಬಾರದ್ರಿ” ಅನ್ನುತ್ತಾರೆ.