ಟಗರಿಗೊಂದು ಗಾದೆ, ದೊಡ್ಡವ್ವನಿಗೊಂದು

ಗಾದೆ ಎಂಬ ಮಾತು ಕೇಳಿದರೆ ನನಗೆ ಇವತ್ತಿಗೂ ಕೀವಿನ ನಾತ ಬರುತ್ತದೆ.

ಎಂ.ಎ. ಓದುವಾಗ ಪ್ರಬಂಧಕ್ಕೆಂದು ಗಾದೆ ಸಂಗ್ರಹಿಸಲು ಗಡಿಯಾಚೆ ಜತ್ತ ತಾಲೂಕಿನ ಉಟಗಿಯ ನಮ್ಮ ಮನೆಗೆ ಬಂದಿದ್ದೆ. ಒಂದು ಹೇಳಿದ್ದನ್ನು ಇನ್ನೊಂದು ಅಲ್ಲಗಳೆಯುವ ಗಾದೆಗಳೇ ನನ್ನ ವಿಷಯ. ದೂರ ಹೋಗಬೇಕಿರಲಿಲ್ಲ. ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಕಟ್ಟೆಯ ಮೇಲೆ ಕೂತು ತಂಬಾಕು ಉಗುಳುತ್ತ ಯಾವ ಮಾತಿಗೂ ಒಂದು ಗಾದೆ ಒಗೆಯುತ್ತಿದ್ದ. ಅವನ ಗಡ್ಡದ ಮೇಲೆ ಎಂಜಲು ಇಳಿಯುತ್ತಿದ್ದರೂ ಊರವರು ತಲೆದೂಗುತ್ತಿದ್ದರು.

ಆ ವಾರ ಮನೆಯಲ್ಲಿ ಎರಡು ಜೀವ ಕುಂಟುತ್ತಿದ್ದವು. ಒಂದು, ಗಿಳಿಮೂಗಿನ ತಳಿಗೆ ಹೆಸರಾದ ಮಾಡಗ್ಯಾಳದಿಂದ ಭಾರಿ ಬೆಲೆ ಕೊಟ್ಟು ತಂದಿದ್ದ ಟಗರು. ಗೊರಸಿನ ಸಂದಿಯಲ್ಲಿ ಕೀವಾಗಿತ್ತು. ಇನ್ನೊಂದು, ದೊಡ್ಡಪ್ಪನ ಹೆಂಡತಿ, ನಮ್ಮ ದೊಡ್ಡವ್ವ. ಕುರಿ ಕಾಯುವಾಗ ಜಾಲಿಮುಳ್ಳು ಕಾಲಿನ ಹೆಬ್ಬೆರಳಲ್ಲಿ ಮುರಿದು ಉಳಿದಿತ್ತು. ಸಕ್ಕರೆ ಕಾಯಿಲೆಯೂ ಇತ್ತು.

ಟಗರಿನ ಕಾಲು ನೋಡಿದ್ದೇ ದೊಡ್ಡಪ್ಪ ತಡಮಾಡಬಾರದೆನ್ನುವ ಗಾದೆಯೊಂದನ್ನು ಹೇಳಿ ಜತ್ತಿನ ದನದ ಡಾಕ್ಟರಿಗೆ ಫೋನು ಹಚ್ಚಿದ. "ಸಾದಾ ಕುರಿ ಅಲ್ರಿ ಸಾಹೇಬ್ರ, ಗಿಳಿಮೂಗಿನ ಟಗರು. ಲಗೂನ ಬರ್ರಿ!"

ಮಧ್ಯಾಹ್ನದೊಳಗೆ ಡಾಕ್ಟರು ಬಂದು ಸೂಜಿ ಚುಚ್ಚಿ ಹೋದರು.

ಸಂಜೆ ದೊಡ್ಡವ್ವ ಕಾಲಿನ ಅರಿವೆ ಬಿಚ್ಚಿದಳು. ಬೆರಳು ಕೊಳೆತ ಬದನೆಕಾಯಿಯಂತೆ ಕಪ್ಪಾಗಿತ್ತು. ನೊಣ ಬಿಡುತ್ತಿರಲಿಲ್ಲ.

"ನನ್ನೂ ಜತ್ತಿಗೆ ಕರ್ಕೊಂಡ್ ಹೋಗ್ರಿ. ಕಾಲು ಸುಡಾಕತ್ತೈತಿ."

ದೊಡ್ಡಪ್ಪ ಏಳಲಿಲ್ಲ. ಸಹನೆಯನ್ನು ಹೊಗಳುವ ಗಾದೆ ಹೇಳಿ ಉಗುಳಿದ. "ಅರಿಷಿಣ ಹಚ್ಚು. ತಾನ ಇಳೀತೈತಿ."

"ಟಗರಿಗೂ ಅರಿಷಿಣಾನ ಹಚ್ಚಬೇಕಾಗಿತ್ತಲ್ರಿ."

"ಬಾಯಿ ಭಾಳ ಆತು ನಿಂದು."

ಇಲ್ಲಿಂದ ಮುಂದೆ ನನ್ನ ನೆನಪಿನಲ್ಲಿ ನಾನು ಎದ್ದು ದೊಡ್ಡಪ್ಪನ ಮೇಲೆ ರೇಗುತ್ತೇನೆ, ಓಡಿಹೋಗಿ ಜೀಪು ತರುತ್ತೇನೆ. ಗೆಳೆಯರಿಗೆ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಸಾಂಗಲಿಯ ಆಸ್ಪತ್ರೆಯಲ್ಲಿ ಎರಡು ಬೆರಳು ಕತ್ತರಿಸಿದರು. ಅವತ್ತೇ ಜೀಪು ತಂದಿದ್ದರೆ ಎರಡು ಬೆರಳು ಯಾಕೆ ಹೋದವು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಕಳೆದ ತಿಂಗಳು ಊರಿಗೆ ಹೋದಾಗ, ಬಂದವರ ಮುಂದೆ ಮತ್ತೆ ಇದೇ ಕತೆ ತೆಗೆದೆ. ದೊಡ್ಡಪ್ಪ ತೀರಿಹೋಗಿದ್ದಾನೆ, ಬೈಯುವುದು ಸುಲಭ. ದೊಡ್ಡವ್ವ ಪಕ್ಕದಲ್ಲೇ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ.

"ಜೀಪು ತರಿಸಿದಾಕಿ ಬಾಜೂ ಮನಿಯಾಕಿ, ತಮ್ಮಾ. ಅದೂ ನಾಕು ದಿನಾ ಆದಮ್ಯಾಲ."

"ಮತ್ತ ನಾನು?"

"ನೀನಾ? 'ಇನ್ನೊಮ್ಮಿ ಹೇಳ್ರಿ ದೊಡ್ಡಪ್ಪಾ' ಅಂದಿ. ಬರಕೊಂಡಿ."

ಅವಳಿಗೆ ವಯಸ್ಸಾಗಿದೆ, ಮರೆತಿರಬೇಕು ಎಂದುಕೊಂಡು ಅಟ್ಟದ ಮೇಲಿನ ಟ್ರಂಕಿನಿಂದ ಹಳೆಯ ನೋಟುಬುಕ್ಕು ತೆಗೆದೆ. ಒಂದೇ ಪುಟದಲ್ಲಿ ಎರಡೂ ಗಾದೆಗಳಿದ್ದವು, ಒಂದೇ ದಿನದವು. ನಡುವೆ ಬಾಣದ ಗುರುತು. ಬದಿಗೆ ಕೆಂಪು ಶಾಯಿಯಲ್ಲಿ ನನ್ನದೇ ಅಕ್ಷರ: "ಸೊಗಸಾದ ಜೋಡಿ!"

ನನ್ನ ಮೇಲೇ ಹೇಸಿಗೆಯಾಯಿತು. ಇಷ್ಟು ವರ್ಷ ಎಂಜಲಿನ ಗಡ್ಡ ನೋಡಿ ಹೇಸಿದವನು ನಾನೇ.

ದೊಡ್ಡವ್ವನಿಗೆ ಓದಲು ಬರುವುದಿಲ್ಲ. ನಾನು ಕೆಳಗೆ ತಂದು ತೋರಿಸಿದ ಪುಟವನ್ನು ಕೈಯಲ್ಲಿ ಹಿಡಿದು ಬಾಣದ ಗುರುತಿನ ಮೇಲೆ ಬೆರಳಾಡಿಸಿದಳು.

"ನನ್ನ ಬೆರಳಿಂದು ಎಲ್ಲಿ ಬರದೀ?"

ಎಲ್ಲೂ ಬರೆದಿರಲಿಲ್ಲ.