ಕ್ಲಾಸಿಗೆ ಹೋಗದ ಮಕ್ಕಳ ತಾಳ

ಹೆಂಡತಿ ತೀರಿಕೊಂಡ ಮೇಲೆ ಮಾತಾಡಿಸಲು ಬರುವವರೆಲ್ಲ ಅವಳ ಕಾಯಿಲೆಯ ಬಗ್ಗೆಯೇ ಕೇಳುತ್ತಾರೆ. ಯಾವಾಗ ಗೊತ್ತಾಯಿತು, ಎಲ್ಲಿ ತೋರಿಸಿದಿರಿ, ಕೊನೆಗಳಿಗೆಯಲ್ಲಿ ಅವರು ಏನಾದರೂ ಹೇಳಿದರಾ. ನಾನು ಹೇಳುತ್ತೇನೆ. ಅವರು ಕಾಫಿ ಕುಡಿದು ಹೋಗುತ್ತಾರೆ. ಅವಳು ಗೆದ್ದದ್ದನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಓದಿದ್ದು ಐಟಿಐ. ಶಿವಮೊಗ್ಗದಲ್ಲಿ, ಸವಳಂಗ ರಸ್ತೆಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸ. ಅವಳು ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಮತ್ತು ತರ್ಕಶಾಸ್ತ್ರ ಪಾಠ ಮಾಡುತ್ತಿದ್ದಳು. ತರ್ಕ ಅಂದರೆ ಏನು ಎಂದು ಮದುವೆಯ ಹೊಸದರಲ್ಲಿ ಕೇಳಿದ್ದೆ. "ಜಗಳದಲ್ಲಿ ನಿಮ್ಮನ್ನ ಸೋಲ್ಸೋ ವಿದ್ಯೆ ಕಣ್ರೀ" ಎಂದಿದ್ದಳು. ಸೋಲಿಸಿದ್ದೂ ನಿಜ.

ನಲವತ್ತು ದಾಟಿದ ಮೇಲೆ ಅವಳು ಪಿಎಚ್.ಡಿ.ಗೆ ಸೇರಿದಳು. ಸಂಗೀತ ಕಲಿತ ಮಕ್ಕಳು ತರ್ಕದ ಪ್ರಶ್ನೆಗಳನ್ನು ಬೇರೆ ಮಕ್ಕಳಿಗಿಂತ ಚೆನ್ನಾಗಿ ಬಿಡಿಸುತ್ತಾರೆಯೇ, ತಾಳ ಹಾಕಿ ಹಾಕಿ ಮನಸ್ಸಿಗೂ ಒಂದು ಹಿಡಿತ ಬರುತ್ತದೆಯೇ ಎಂಬುದು ಅವಳ ವಿಷಯ. ಒಂದು ಗುಂಪಿನಲ್ಲಿ ಕೋಟೆಯ ಹತ್ತಿರ ಸಂಗೀತದ ಮೇಷ್ಟ್ರ ಮನೆಗೆ ಹೋಗುವ ಮಕ್ಕಳು. ಇನ್ನೊಂದರಲ್ಲಿ ಭದ್ರಾವತಿಯ ಕಾರ್ಖಾನೆ ಕಾಲೋನಿಯ ಮಕ್ಕಳು. "ಸಂಗೀತ ಕಲಿತಿದ್ದೀಯಾ?" ಎಂದು ಒಬ್ಬೊಬ್ಬರನ್ನೂ ಕೇಳಿ, ಇಲ್ಲ ಎಂದವರನ್ನಷ್ಟೇ ಅವಳು ಈ ಎರಡನೆಯ ಗುಂಪಿಗೆ ಆರಿಸಿಕೊಂಡಿದ್ದಳು.

ಶನಿವಾರ ನನಗೆ ಅರ್ಧ ದಿನದ ಕೆಲಸ. ಊಟ ಮುಗಿಸಿ ಅವಳನ್ನು ಸ್ಕೂಟರಿನಲ್ಲಿ ಭದ್ರಾವತಿಗೆ ಕರೆದುಕೊಂಡು ಹೋಗುತ್ತಿದ್ದೆ. ಈಗಲೂ ಶನಿವಾರ ಬೇಗ ಉಂಡುಬಿಡುತ್ತೇನೆ. ಆಮೇಲೆ ಏನು ಮಾಡಬೇಕೆಂದು ತೋಚುವುದಿಲ್ಲ.

ಪ್ರಶ್ನೆಗಳನ್ನು ಅವಳು ಕಾರ್ಡುಗಳ ಮೇಲೆ ಬರೆದಿದ್ದಳು. ಒಂದು ನನಗೆ ಬಾಯಿಪಾಠವಾಗಿದೆ. "ಇಲ್ಲಿರುವ ಚೀಲಗಳಲ್ಲೆಲ್ಲ ಅಡಿಕೆ ಇದೆ. ಇದು ಚೀಲವಲ್ಲ, ಡಬ್ಬಿ. ಡಬ್ಬಿಯಲ್ಲಿ ಅಡಿಕೆ ಇದೆಯೋ ಇಲ್ಲವೋ?" ನಾನು ಥಟ್ಟನೆ ಇಲ್ಲ ಎಂದಿದ್ದೆ. ಕಾಲೋನಿಯ ಎರಡು ಜಡೆಯ ಹುಡುಗಿಯೊಬ್ಬಳು ಕಾರ್ಡನ್ನು ತಿರುಗಿಸಿ ಹಿಂದೆಯೂ ನೋಡಿ, "ಮುಚ್ಚಳ ತೆಗೀದೆ ಹೆಂಗೆ ಹೇಳೋದು ಮಿಸ್?" ಎಂದಳು. ಅದೇ ಸರಿಯುತ್ತರ. ಚೀಲದ ಬಗ್ಗೆ ಹೇಳಿದ ಮಾತಿನಿಂದ ಡಬ್ಬಿಯ ವಿಷಯ ತಿಳಿಯುವುದಿಲ್ಲ.

ತೊಂದರೆ ಶುರುವಾದದ್ದು ಅಲ್ಲಿಂದಲೇ. ಕಾಲೋನಿಯ ಮಕ್ಕಳು ಕೋಟೆಯ ಮಕ್ಕಳಷ್ಟೇ ಚೆನ್ನಾಗಿ ಉತ್ತರಿಸಿದರು. ಸಂಗೀತದಿಂದ ಏನೂ ವ್ಯತ್ಯಾಸವಿಲ್ಲ ಎಂದಾಯಿತು. ಅದೇ ಹೊತ್ತಿಗೆ ಅವಳ ಕಾಯಿಲೆಯೂ ಗೊತ್ತಾಗಿತ್ತು. ಇನ್ನೆಷ್ಟು ಸಮಯ ಇದೆ ಎಂದು ಡಾಕ್ಟರು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಪ್ರಬಂಧ ಮುಗಿಸಿಯೇ ಹೋಗಬೇಕು ಎಂಬುದೊಂದೇ ಅವಳಿಗಿದ್ದದ್ದು.

ಅವಳ ಗೈಡು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಈ ಮಕ್ಕಳನ್ನ ಬಿಟ್ಬಿಡಿ ಮೇಡಂ. ಬೇರೆ ಶಾಲೆ ನೋಡಿದ್ರೆ ವ್ಯತ್ಯಾಸ ಸಿಗುತ್ತೆ. ಬೇಗ ಮುಗಿಸೋಣ."

ಮನೆಗೆ ಬಂದವಳು ಚಪ್ಪಲಿ ಬಿಡುತ್ತಲೇ ಗೊಣಗಿದಳು. "ನಮಗೆ ಬೇಕಾದ್ದು ಸಿಗೋ ತನಕ ಶಾಲೆ ಬದಲಾಯಿಸ್ತಾ ಹೋದ್ರೆ ಅದನ್ನ ಸಂಶೋಧನೆ ಅಂತಾರೇನ್ರೀ?"

"ಬಿಡು ಮಾರಾಯ್ತಿ, ಆರೋಗ್ಯ ನೋಡ್ಕೋ" ಎಂದೆ.

"ಆರೋಗ್ಯ ನೋಡ್ಕೊಳ್ಳೋಕೆ ನೀವಿದೀರಲ್ಲ. ಇದನ್ನ ನೋಡೋರು ಯಾರು?"

ಧನುರ್ಮಾಸದ ಒಂದು ಸಂಜೆ ಕಾಲೋನಿಯಿಂದ ಹೊರಟಿದ್ದೆವು. ಪಕ್ಕದ ಸಣ್ಣ ಗುಡಿಯಲ್ಲಿ ಭಜನೆ ನಡೆಯುತ್ತಿತ್ತು. ಸುಮ್ಮನೆ ಕೈ ಮುಗಿದು ಹೋಗೋಣ ಎಂದು ಒಳಗೆ ಹೋದೆವು. ತಾಳ ಹಿಡಿದು ಕೂತಿದ್ದವರು ಅದೇ ಮಕ್ಕಳು. ನಿಧಾನಕ್ಕೆ ಶುರುವಾದ ಹಾಡು ಇಮ್ಮಡಿ ವೇಗಕ್ಕೆ ಏರಿತು, ಮತ್ತೆ ಇಳಿಯಿತು. ಆ ಪುಟ್ಟ ಕೈಗಳಲ್ಲಿ ಒಂದು ಪೆಟ್ಟೂ ತಪ್ಪಲಿಲ್ಲ. ನನ್ನ ಹೆಂಡತಿ ಪ್ರಸಾದದ ದೊನ್ನೆ ಹಿಡಿದುಕೊಂಡು ತಿನ್ನುವುದನ್ನೇ ಮರೆತು ನಿಂತಿದ್ದಳು.

ಮುಗಿದ ಮೇಲೆ ಎರಡು ಜಡೆಯವಳನ್ನು ಕರೆದಳು. "ಏನೇ, ಸಂಗೀತ ಕಲ್ತಿಲ್ಲ ಅಂದಿದ್ಯಲ್ಲ?"

"ಹೂಂ ಮಿಸ್, ಕಲ್ತಿಲ್ಲ."

"ಮತ್ತೆ ಇದು?"

"ಇದು ಸಂಗೀತ ಅಲ್ಲ ಮಿಸ್, ಭಜನೆ. ಸಂಗೀತಕ್ಕೆ ಫೀಸು ಕೊಡ್ಬೇಕು."

ಹುಡುಗಿಯ ಅಜ್ಜಿ ನಕ್ಕು, "ಇದು ನಡೆಯಾಕೆ ಮುಂಚೇನೇ ತಾಳ ಕಿತ್ಕೊಂಡು ಬಡೀತಿತ್ತು ಟೀಚರಮ್ಮ. ಮನೇಲಿ ಪಾತ್ರೆ ಒಂದೂ ನೆಟ್ಟಗಿಲ್ಲ" ಎಂದಳು.

ಊರು ದಾಟುವಷ್ಟರಲ್ಲಿ ಹೆಂಡತಿ ನನ್ನ ಭುಜ ತಟ್ಟಿ ಸ್ಕೂಟರ್ ನಿಲ್ಲಿಸಿದಳು. ಹೊಟ್ಟೆನೋವೇನೋ ಎಂದು ಹೆದರಿದೆ. ತಿರುಗಿ ನೋಡಿದರೆ ನಗುತ್ತಿದ್ದಳು. "ರೀ, ಅಡಿಕೆ ಡಬ್ಬಿ ಕಾರ್ಡಲ್ಲಿ ನಾನೇ ಫೇಲು! ಕ್ಲಾಸಿಗೆ ಹೋದೋರಿಗೆಲ್ಲ ತಾಳ ಗೊತ್ತು. ಈ ಮಕ್ಕಳು ಕ್ಲಾಸಿಗೆ ಹೋಗಿಲ್ಲ. ಹಂಗಾಗಿ ಇವರಿಗೆ ತಾಳ ಗೊತ್ತಿಲ್ಲ ಅಂದ್ಕೊಂಡೆ. ಮುಚ್ಚಳ ತೆಗೆದು ನೋಡ್ಲೇ ಇಲ್ಲ." ಲಾರಿಗಳು ನಮ್ಮ ಮೈಮೇಲೆ ಧೂಳು ಹಾರಿಸಿಕೊಂಡು ಹೋಗುತ್ತಿದ್ದವು. ಅಷ್ಟು ಸಂತೋಷದಿಂದ ಫೇಲಾದವರನ್ನು ನಾನು ಬೇರೆ ಕಂಡಿಲ್ಲ.

ಮತ್ತೆ ಮೊದಲಿನಿಂದ ಶುರು ಮಾಡಿದಳು. ಈ ಸಲ ಕಲಿತಿದ್ದೀಯಾ ಎಂದು ಯಾರನ್ನೂ ಕೇಳಲಿಲ್ಲ. ಕೋಟೆಯವರಿರಲಿ, ಕಾಲೋನಿಯವರಿರಲಿ, ಎಲ್ಲರ ಕೈಯಲ್ಲೂ ತಾಳ ಹಾಕಿಸಿ ನೋಡಿ, ಆಮೇಲೆ ಗುಂಪು ಮಾಡಿದಳು. ಔಷಧಿ ಹಾಕಿಸಿಕೊಂಡ ವಾರ ಮಲಗುತ್ತಿದ್ದಳು, ಮುಂದಿನ ವಾರ ಹೊರಡುತ್ತಿದ್ದಳು. ತಲೆಗೆ ಸ್ಕಾರ್ಫು ಕಟ್ಟಿಕೊಂಡು ಬಂದವಳನ್ನು ನೋಡಿ ಮಕ್ಕಳು "ಮಿಸ್ ಸ್ಟೈಲು" ಎಂದರಂತೆ. ತಾಳ ಹಿಡಿಯಬಲ್ಲ ಮಕ್ಕಳು ಬಾಯಿಗೆ ಬಂದ ಉತ್ತರವನ್ನು ಕೊಂಚ ತಡೆದು, ಯೋಚಿಸಿ ಹೇಳುತ್ತಿದ್ದದ್ದು ಈಗ ಕಾಣಿಸಿತು. ಕೆಲವು ಪ್ರಶ್ನೆಗಳಲ್ಲಿ ಆಗಲೂ ವ್ಯತ್ಯಾಸ ಕಾಣಲಿಲ್ಲ. ಅವಳು ಎರಡನ್ನೂ ಬರೆದಳು. ತಾನು ಮೊದಲು ಮಾಡಿದ ತಪ್ಪಿಗೂ ಒಂದು ಇಡೀ ಅಧ್ಯಾಯ ಕೊಟ್ಟಳು.

ಮೌಖಿಕ ಪರೀಕ್ಷೆಯ ದಿನ ವಿಶ್ವವಿದ್ಯಾಲಯದ ಕೋಣೆಯಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅವಳು ಕುರ್ಚಿ ಬೇಡವೆಂದು ನಿಂತೇ ಮಾತಾಡಿದಳು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ತೆಗೆದು ಕೇಳಿದರು. "ನಿಮ್ಮ ಮೊದಲನೇ ಪ್ರಯೋಗ ತಪ್ಪು ಅಂತ ನೀವೇ ಬರ್ದಿದೀರಿ. ತೆಗೆದುಹಾಕಿದ್ರೆ ನಮಗೆ ಗೊತ್ತಾಗ್ತಾನೇ ಇರ್ಲಿಲ್ವಲ್ಲ?"

ಅವಳು ನಿಧಾನವಾಗಿ ಹೇಳಿದಳು. "ತೆಗೆದಿದ್ರೆ ಮುಂದೆ ಬರೋರೂ ಅದೇ ತಪ್ಪು ಮಾಡ್ತಿದ್ರು ಸರ್. ಸಂಗೀತ ಇಲ್ಲ ಅಂತ ನಾನು ಬರ್ಕೊಂಡ ಜಾಗದಲ್ಲೇ ಸಂಗೀತ ಇತ್ತು. ನನಗೆ ಸಿಕ್ಕಿದ್ರಲ್ಲಿ ದೊಡ್ಡದು ಅದೇ."

ಪರೀಕ್ಷಕರು ಪ್ರಬಂಧವನ್ನು ಮುಚ್ಚಿ, "ಇನ್ನು ನಾನು ಕೇಳೋದೇನಿಲ್ಲ" ಎಂದರು. ಪದವಿಗೆ ಶಿಫಾರಸು ಮಾಡಿದ್ದೇವೆ ಎಂದು ಗೈಡೇ ಎದ್ದು ಓದಿದರು. ಚಪ್ಪಾಳೆಯಲ್ಲಿ ನನ್ನದೇ ಎಲ್ಲರದಕ್ಕಿಂತ ಜೋರಾಗಿತ್ತು.

ಮನೆಗೆ ಹೋಗಿ ಮಲಗು ಎಂದೆ. ಕೇಳಲಿಲ್ಲ. ಸೀದಾ ಕಾಲೋನಿಗೆ ಸ್ಕೂಟರ್ ತಿರುಗಿಸಲು ಹೇಳಿದಳು. ಶಾಲೆ ಆಗಷ್ಟೇ ಬಿಟ್ಟಿತ್ತು. ಎರಡು ಜಡೆಯವಳು ದೂರದಿಂದಲೇ ಕೂಗಿದಳು.

"ಮಿಸ್, ಪಾಸಾ?"

"ಪಾಸು ಕಣೇ!"

"ನಾವು?"

"ನೀವು ನನಗಿಂತ ಮುಂಚೇನೇ ಪಾಸಾಗಿದ್ರಿ. ನನಗೇ ತಡವಾಗಿ ಗೊತ್ತಾಗಿದ್ದು."

ಮಕ್ಕಳು ಹೋ ಎಂದು ಕಿರುಚುತ್ತಾ ಅವಳನ್ನು ಸುತ್ತುಗಟ್ಟಿದರು. ಅವರ ನಡುವೆ ಅವಳ ಸ್ಕಾರ್ಫು ಮಾತ್ರ ನನಗೆ ಕಾಣುತ್ತಿತ್ತು, ನಗು ರಸ್ತೆಯವರೆಗೂ ಕೇಳುತ್ತಿತ್ತು.