ಮಬ್ಬು ಇದ್ದದ್ದು ಗಾಳಿಯಲ್ಲಿ

ಆ ವರ್ಷ ನಾನು ವಾರದ ಐದು ದಿನ ನಾಸಿಕ್‌ನ ಮೂಡಣಕ್ಕಿರುವ ಸಂಭಾಜಿನಗರದಲ್ಲಿ, ಎರಡು ದಿನ ನಾಸಿಕ್‌ನಲ್ಲಿ ಇರುತ್ತಿದ್ದೆ. ನನ್ನ ಗಂಡನ ಬ್ಯಾಂಕ್ ಕೆಲಸ, ನಮ್ಮ ಮನೆ ಎಲ್ಲ ನಾಸಿಕ್‌ನಲ್ಲಿ. ನನ್ನ ಕೆಲಸ ಸಂಭಾಜಿನಗರದ ಕಾಲೇಜೊಂದರ ತಾರಸಿಯ ಮೇಲೆ. ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಉಪಗ್ರಹವೊಂದು ನಮ್ಮ ಮೇಲೆ ಹಾದುಹೋಗುತ್ತದೆ. ಅದೇ ಹೊತ್ತಿಗೆ ನಾನು ಚಿಕ್ಕದೊಂದು ಉಪಕರಣವನ್ನು ಸೂರ್ಯನತ್ತ ಹಿಡಿದು, ಗಾಳಿಯಲ್ಲಿನ ಧೂಳು, ಹೊಗೆ ಎಷ್ಟು ಬಿಸಿಲನ್ನು ತಡೆಯುತ್ತಿದೆ ಎಂದು ಅಳೆಯಬೇಕಿತ್ತು. ಮೇಲಿನಿಂದ ಕಂಡದ್ದು ಕೆಳಗಿನಿಂದ ಕಂಡದ್ದಕ್ಕೆ ಹೊಂದುತ್ತದೆಯೇ ಎಂದು ನೋಡಲು. ಮೋಡ ಅಡ್ಡ ಬಂದರೆ ಕಾಯುವುದೇ ಕೆಲಸ. ನನಗೆ ಆ ಕಾಯುವಿಕೆ ಇಷ್ಟವಾಗಿತ್ತು.

ಮೇ ತಿಂಗಳಲ್ಲಿ ಮಾವನವರು ಕಲಬುರಗಿಯಿಂದ ಬಂದು ನಾಸಿಕ್‌ನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡರು. ಪಟ್ಟಿ ಬಿಚ್ಚಿದಾಗ ನನ್ನ ಹಣೆಯ ಬೊಟ್ಟು ಕಪ್ಪಲ್ಲ, ಹಸಿರು ಎಂದು ಮೊದಲ ಸಲ ಕಂಡು ನಕ್ಕರು. ಮುಂದೆ ದಿನವಿಡೀ ಬಾಲ್ಕನಿಯಲ್ಲಿ ಕೂತು ಊರಾಚೆಯ ಗುಡ್ಡ ನೋಡುವುದೇ ಅವರ ಕೆಲಸವಾಯಿತು.

ಮರುವಾರ ನಾನು ಬಂದಾಗ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಬೆಳಿಗ್ಗೆಯಿಂದ ಏನೂ ತಿಂದಿಲ್ಲವಂತೆ. ಹತ್ತಿರ ಕೂತೆ. ಮೆಲ್ಲಗೆ ಹೇಳಿದರು:

"ಗುಡ್ಡ ಕಾಣವಲ್ದವ್ವಾ. ಪೊರಿ ಮತ್ತ ಬಂದದೇನು?"

ಬಾಲ್ಕನಿಗೆ ಹೋದೆ. ಗುಡ್ಡ ನನಗೂ ಕಾಣಲಿಲ್ಲ. ಊರಿಗೆ ಊರೇ ಹಾಲು ಬೆರೆಸಿದ ನೀರಿನಂಥ ಬೆಳಕಿನಲ್ಲಿ ತೇಲುತ್ತಿತ್ತು. ನನಗೂ ಕಾಣುತ್ತಿಲ್ಲ ಎಂದರೆ ಅವರು ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತೀ ಎಂದರು. ಲ್ಯಾಪ್‌ಟಾಪ್ ತಂದು ಉಪಗ್ರಹ ತೆಗೆದ ಹಿಂದಿನ ದಿನದ ಚಿತ್ರ ತೋರಿಸಿದೆ. ಅರಬ್ಬೀ ಸಮುದ್ರದ ಮೇಲಿಂದ ತೆಳು ಕಂದು ಧೂಳು ಸೆರಗಿನಂತೆ ನಮ್ಮ ಕಡೆ ಹಾಸಿ ಬಂದಿತ್ತು.

"ಮರುಭೂಮಿ ಧೂಳರಿ ಮಾವಾರ. ಮಬ್ಬು ಗಾಳ್ಯಾಗದ, ನಿಮ್ಮ ಕಣ್ಣಾಗಿಲ್ಲ."

ಅವರು ಬಗ್ಗಿ, ಕಡಲಿನ ಆಚೆ ದಡದಿಂದ ನಾಸಿಕ್‌ವರೆಗೆ ನಿಧಾನವಾಗಿ ಬೆರಳಾಡಿಸಿದರು. ಇಷ್ಟು ದೂರ ಯಾರೂ ಹೊರದೆ ಬಂತೇ ಎಂದು ಕೇಳಿದರು. ಆಮೇಲೆ ಎದ್ದು ರೊಟ್ಟಿ ತಿಂದರು.

ಮಂಗಳವಾರ ಮಬ್ಬು ಹರಿದು ಗುಡ್ಡ ಕಂಡಿತೆಂದು ಅವರೇ ಫೋನು ಮಾಡಿದರು. ಅಲ್ಲಿಂದ ದಿನವೂ ನಾನು ತಾರಸಿ ಹತ್ತುವ ಮೊದಲು ಫೋನು ಬರತೊಡಗಿತು. ಜೂನಿನಲ್ಲಿ ಪಡುವಣ ಗಾಳಿ ಎದ್ದ ಮೇಲೆ ಒಂದು ದಿನ ಹೇಳಿದರು:

"ಒಂದು ಮೋಡ ನಿನ್ನ ಕಡಿ ಹೊಂಟದ. ಎಡಗಾಲ ಚಪ್ಪಲಿ ಇದ್ದಂಗದ, ನೋಡ್ಕೋ."

ಅಷ್ಟು ಸಣ್ಣ ಮೋಡ ಅರ್ಧ ದಾರಿಯಲ್ಲೇ ಕರಗುತ್ತದೆಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಅಳತೆ ಮುಗಿದ ಮೇಲೂ ತಾರಸಿಯಲ್ಲೇ ನಿಂತೆ. ಬಿಳಿಯ ಮೋಡಗಳು ಒಂದರ ಹಿಂದೊಂದು ತಲೆಯ ಮೇಲೆ ಹಾದು ಮೂಡಣಕ್ಕೆ ಹೋದವು. ಅವುಗಳ ನೆರಳು ನನ್ನ ಮೇಲೆ ಬಂದು ಸರಿಯಿತು.

ಸಂಜೆ ಫೋನಿನಲ್ಲಿ, ಮೋಡ ಬಂತೇನೆಂದು ಕೇಳಿದರು. ಬಂತು, ಆದರೆ ಬಲಗಾಲಿನದಿದ್ದ ಹಾಗಿತ್ತು ಎಂದೆ. ದಾರಿಯಲ್ಲಿ ಮಗ್ಗಲು ಬದಲಿಸಿರಬೇಕು ಎಂದರು ಮಾವ.